ನಿಮಗಿದು ಗೊತ್ತೇ? ಮತ್ತಿನ ಮದ್ದು ಮತ್ತು ಸಾವಿನ ಲೆಕ್ಕ

● ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅರಿವಳಿಕೆ ಸುರಕ್ಷಿತವೇ ಎಂಬ ಜಗತ್ತಿನ ದೊಡ್ಡ ವಾದವೊಂದು ನಡೆದದ್ದು ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲಿ. ಅಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಕ್ಲೋರೋಫಾರ್ಮ್ ಮೇಲೆ ಅಪಾರ ನಂಬಿಕೆ. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯ ತಾನಾಗಿ ನಿಲ್ಲುವುದಿಲ್ಲ ಎಂಬುದು ಅವನ ವಾದ. 1888ರಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ನಾಯಿಗಳ ಮೇಲೆ ಪ್ರಯೋಗ ನಡೆಸಿ ಅದನ್ನೇ ಹೇಳಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮ್ ಮೆಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟು, ಪತ್ರಿಕೆಯೇ ತನ್ನ ತಜ್ಞನನ್ನು ಕಳಿಸಲಿ ಎಂದರು. ಹಾಗೆ ಬಂದವನು ಲಾಡರ್ ಬ್ರಂಟನ್. 1889ರ ಎರಡನೆಯ ಆಯೋಗ ನಾಯಿ, ಮಂಗ, ಕುದುರೆ, ಆಡು, ಬೆಕ್ಕು, ಮೊಲಗಳೆಂದು ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿತು. ವಿರೋಧಿಸಲು ಬಂದ ಬ್ರಂಟನ್ ಕೊನೆಗೆ ಲಾರಿಯ ಪಕ್ಷಕ್ಕೇ ವಾಲಿದ.

● ಆ ತೀರ್ಪು ಅರ್ಧ ಸರಿ, ಅರ್ಧ ತಪ್ಪು. ಉಸಿರನ್ನು ಕಾಯಬೇಕೆಂಬ ಪಾಠ ಇಂದಿಗೂ ನಿಂತಿದೆ. ಆದರೆ ಮತ್ತು ತೆಳುವಾಗಿರುವಾಗ ಕ್ಲೋರೋಫಾರ್ಮ್ ಹೃದಯದ ಬಡಿತವನ್ನು ಏಕಾಏಕಿ ಅದುರಾಟವಾಗಿಸಿ ಕೊಲ್ಲಬಲ್ಲದು ಎಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದ. ಬ್ರಿಟನ್ನಿನಿಂದ ಬರುತ್ತಿದ್ದ ಸಾವಿನ ವರದಿಗಳು ಮೊದಲಿನಿಂದಲೂ ಇದನ್ನೇ ಸೂಚಿಸುತ್ತಿದ್ದವು. ಪ್ರಾಣಿಗಳ ಮೇಲಿನ ಪ್ರಯೋಗ ಎಷ್ಟೇ ದೊಡ್ಡದಿರಲಿ, ಸತ್ತ ಮನುಷ್ಯರ ದಾಖಲೆಯನ್ನು ಅದು ಸುಳ್ಳಾಗಿಸಲಾರದು.

● ಹೈದರಾಬಾದಿನ ವೈದ್ಯ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದುನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು. ಕ್ಲೋರೋಫಾರ್ಮ್ ಆಯೋಗದ ಕೆಲಸದಲ್ಲೂ ಅವರ ಪಾಲಿತ್ತು. ಅವರ ಹೆಸರು ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಕೇಳಿಬರಬೇಕಿತ್ತು.

● ಕ್ಲೋರೋಫಾರ್ಮಿನಿಂದ ಸತ್ತರೆಂದು ದಾಖಲಾದ ಮೊದಲ ವ್ಯಕ್ತಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ, 1848ರ ಜನವರಿ 28ರಂದು ಕಾಲಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ವೈದ್ಯ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮಿನ ಗುಣ ಕಂಡುಕೊಂಡು ಆಗ ಮೂರು ತಿಂಗಳೂ ತುಂಬಿರಲಿಲ್ಲ.

● ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ ಜಾನ್ ಸ್ನೋ ವೃತ್ತಿಯಿಂದ ಅರಿವಳಿಕೆ ವೈದ್ಯ. ಅವನು ತೀರಿಕೊಂಡ 1858ರಲ್ಲೇ ಹೊರಬಂದ ಅವನ ಪುಸ್ತಕದಲ್ಲಿ ಕ್ಲೋರೋಫಾರ್ಮ್ ಸಾವಿನ 50 ಪ್ರಕರಣಗಳ ವಿವರವಿದೆ. ಒಂದೊಂದನ್ನೂ ಬಿಡಿಸಿ, ಮದ್ದು ಎಷ್ಟು ಕೊಟ್ಟರು, ಹೇಗೆ ಕೊಟ್ಟರು, ನಾಡಿ ಮೊದಲು ನಿಂತಿತೋ ಉಸಿರು ಮೊದಲು ನಿಂತಿತೋ ಎಂದು ಕೇಳಿದ. ಸಾವನ್ನು ಎಣಿಸಿ ಸುಮ್ಮನಾಗದೆ ಅದರ ಒಳಗೆ ಇಳಿದು ನೋಡುವ ಪದ್ಧತಿಗೆ ಅರಿವಳಿಕೆಯಲ್ಲಿ ಅಡಿಪಾಯ ಹಾಕಿದವನು ಅವನೇ.

● ಲಂಡನ್ನಿನ 24 ಆಸ್ಪತ್ರೆಗಳಲ್ಲಿ ರೋಗಿಗಳ ಸಾವಿನ ಪ್ರಮಾಣ ಶೇ 90.84! ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ಅಚ್ಚು ಹಾಕಿಸಿದ ಅಂಕಿ ಇದು. ಹತ್ತರಲ್ಲಿ ಒಂಬತ್ತು ಜನ ಸತ್ತರೆಂದು ಗಾಬರಿಯಾಗಬೇಡಿ. ಇಡೀ ವರ್ಷದ ಸಾವುಗಳನ್ನು ಒಂದೇ ದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ವರ್ಷಪೂರ್ತಿ ದಾಖಲಾದವರಿಂದ ಭಾಗಿಸಿದ್ದರೆ ಅಂಕಿ ಹತ್ತರ ಆಸುಪಾಸಿಗೆ ಇಳಿಯುತ್ತಿತ್ತು. ಸಾವಿನ ಪ್ರಮಾಣ ಎಂದು ಯಾರೇ ಹೇಳಲಿ, ಮೇಲಿನ ಸಂಖ್ಯೆಗಿಂತ ಮೊದಲು ಕೆಳಗಿನ ಸಂಖ್ಯೆ ಯಾವುದೆಂದು ಕೇಳಿ. ಎಷ್ಟು ಜನರಲ್ಲಿ? ಯಾವ ಜನರಲ್ಲಿ?

● ಎಷ್ಟು ದಿನದೊಳಗೆ ಎಂದೂ ಕೇಳಿ. ಆಪರೇಷನ್ ನಂತರದ ಸಾವು ಎಂದರೆ ಕೆಲವರಿಗೆ 24 ಗಂಟೆಯೊಳಗಿನದು, ಕೆಲವರಿಗೆ 30 ದಿನದೊಳಗಿನದು, ಇನ್ನು ಕೆಲವರಿಗೆ ಡಿಸ್ಚಾರ್ಜ್ ಆಗುವ ಮುಂಚಿನದು ಮಾತ್ರ. ತಾಯಿ ಮರಣಕ್ಕೆ ಹೆರಿಗೆಯಾಗಿ 42 ದಿನಗಳ ಗಡುವು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸರಕಾರ ಕೊಡುವ ಪರಿಹಾರದಲ್ಲಂತೂ ದಿನದ ಲೆಕ್ಕಕ್ಕೆ ರೂಪಾಯಿಯ ಬೆಲೆಯೇ ಇದೆ: ಡಿಸ್ಚಾರ್ಜ್ ಆದ 7 ದಿನದೊಳಗೆ ಸತ್ತರೆ ಒಂದು ಮೊತ್ತ, 8ರಿಂದ 30ನೇ ದಿನದೊಳಗಾದರೆ ಅದಕ್ಕಿಂತ ಬಹಳ ಕಡಿಮೆ.

ನಮ್ಮ ಕಡೆ ಈ ಪ್ರಶ್ನೆಗೆ ಇನ್ನೊಂದು ತೂಕವಿದೆ. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಕೂಡಲೇ ಅನೇಕ ಮನೆಯವರು ಸಹಿ ಹಾಕಿ ರೋಗಿಯನ್ನು ಊರಿಗೆ ಒಯ್ಯುತ್ತಾರೆ. ಕೊನೆಯ ಉಸಿರು ಸ್ವಂತ ಮನೆಯಲ್ಲಿ ಹೋಗಲಿ ಎಂಬ ಆಸೆ. ಇನ್ನು ಕೆಲವರನ್ನು ಮಾನ್ವಿಯಿಂದಲೋ ದೇವದುರ್ಗದಿಂದಲೋ ರಾಯಚೂರಿಗೆ, ಅಲ್ಲಿಂದ ಬಳ್ಳಾರಿಗೆ, ಕರ್ನೂಲಿಗೆ, ಹೈದರಾಬಾದಿಗೆ ಕಳಿಸಲಾಗುತ್ತದೆ. ಮತ್ತು ಕೊಟ್ಟದ್ದು ಒಂದು ಊರು, ಸಾವು ಬರೆದುಕೊಂಡದ್ದು ಇನ್ನೊಂದು ಊರು. ಮನೆಯಲ್ಲಿ ಹೋದ ಜೀವವಂತೂ ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುವುದಿಲ್ಲ.

● ಅರಿವಳಿಕೆ ಸಾವಿನ ಮೊದಲ ಬೃಹತ್ ಲೆಕ್ಕ ಹೊರಬಂದದ್ದು 1954ರಲ್ಲಿ. ಅಮೆರಿಕದ ಬೀಚರ್ ಮತ್ತು ಟಾಡ್ ಹತ್ತು ಆಸ್ಪತ್ರೆಗಳಲ್ಲಿ ಐದು ವರ್ಷ ನಡೆದ 5,99,548 ಅರಿವಳಿಕೆಗಳನ್ನು ಪರಿಶೀಲಿಸಿದರು. ಆಪರೇಷನ್ನಿಗೆ ಒಳಗಾದ ಸುಮಾರು 75 ಜನರಲ್ಲಿ ಒಬ್ಬರು ಸತ್ತಿದ್ದರು. ಆದರೆ ಅರಿವಳಿಕೆಯ ಕೈವಾಡ ಕಂಡದ್ದು ಸುಮಾರು 1,560ಕ್ಕೆ ಒಂದರಲ್ಲಿ. ಅವರ ಇನ್ನೊಂದು ಅಂಕಿ ದೊಡ್ಡ ಗದ್ದಲ ಎಬ್ಬಿಸಿತು. ಸ್ನಾಯು ಸಡಿಲಿಸುವ ಕ್ಯುರಾರೆ ಬಗೆಯ ಮದ್ದು ಬಳಸಿದಲ್ಲಿ 370ಕ್ಕೆ ಒಂದು ಸಾವು, ಬಳಸದಲ್ಲಿ 2,100ಕ್ಕೆ ಒಂದು. ಮದ್ದೇ ವಿಷವೇ? ಅಥವಾ ಗಟ್ಟಿ ಕಾಯಿಲೆಯವರಿಗೆ ಅದನ್ನು ಹೆಚ್ಚು ಕೊಟ್ಟರೇ? ಅಥವಾ ಆ ಮದ್ದು ಕೊಟ್ಟ ಮೇಲೆ ರೋಗಿಯ ಉಸಿರನ್ನು ತಾವೇ ನಡೆಸಬೇಕೆಂಬುದು ಆಗಿನವರಿಗೆ ಪೂರ್ತಿ ರೂಢಿಯಾಗಿರಲಿಲ್ಲವೇ? ವಾದ ವರ್ಷಗಟ್ಟಲೆ ನಡೆಯಿತು. ಅದೇ ಜಾತಿಯ ಮದ್ದುಗಳು ಇಂದು ಪ್ರತಿ ಆಪರೇಷನ್ ಥಿಯೇಟರಿನಲ್ಲೂ ಇವೆ.

● ಬ್ರಿಟನ್ನಿನ 1987ರ ವರದಿಯ ಪ್ರಕಾರ ಅರಿವಳಿಕೆಯೊಂದೇ ಕಾರಣವಾದ ಸಾವು ಸುಮಾರು 1,85,000ಕ್ಕೆ ಒಂದು. ಅದೇ ವರದಿಯಲ್ಲಿ, ಅರಿವಳಿಕೆಗೆ ಒಂದಿಷ್ಟಾದರೂ ಪಾಲಿದ್ದ ಸಾವುಗಳನ್ನು ಸೇರಿಸಿದರೆ ಪ್ರಮಾಣ ಸಾವಿರದ ಚಿಲ್ಲರೆಗೆ ಒಂದಾಗುತ್ತದೆ. ಒಂದೇ ದೇಶ, ಅವೇ ರೋಗಿಗಳು, ಅದೇ ವರ್ಷ. ‘ಕಾರಣ’ ಎಂಬುದನ್ನು ಎಲ್ಲಿಗೆ ನಿಲ್ಲಿಸುತ್ತೀರಿ ಎಂಬುದರ ಮೇಲೆ ನೂರು ಪಟ್ಟು ವ್ಯತ್ಯಾಸ.

● ಅಮೆರಿಕದ್ದೂ ಇದೇ ಕಥೆ. ಅಲ್ಲಿನ ವೈದ್ಯಕೀಯ ಸಂಸ್ಥೆಯ 1999ರ ಹೆಸರಾಂತ ವರದಿ, ಅರಿವಳಿಕೆಯ ಸಾವು ಎರಡು–ಮೂರು ಲಕ್ಷಕ್ಕೆ ಒಂದಕ್ಕೆ ಇಳಿದಿದೆ ಎಂದು ಹೊಗಳಿತು. ಮೂರೇ ವರ್ಷದಲ್ಲಿ ರಾಬರ್ಟ್ ಲಗಾಸೆ ಎಂಬ ಅರಿವಳಿಕೆ ವೈದ್ಯ ದಾಖಲೆಗಳನ್ನು ಮುಂದಿಟ್ಟು, ಸುಮಾರು 13,000ಕ್ಕೆ ಒಂದು ಎನ್ನುವುದೇ ಸತ್ಯಕ್ಕೆ ಹತ್ತಿರ ಎಂದ. ತನ್ನದೇ ವೃತ್ತಿಗೆ ಸಿಕ್ಕ ಹೊಗಳಿಕೆಯನ್ನು ತಾನೇ ಪ್ರಶ್ನಿಸಿದ ಆ ವೈದ್ಯನ ಮೇಲೆ ಗೌರವ ಹುಟ್ಟುತ್ತದೆ.

● ಲೆಕ್ಕ ಯಾವುದೇ ಇರಲಿ, ಇಳಿಮುಖವಂತೂ ನಿಜ. 2012ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ, 2.1 ಕೋಟಿಗೂ ಹೆಚ್ಚು ಅರಿವಳಿಕೆಗಳ ಒಟ್ಟು ಲೆಕ್ಕದಲ್ಲಿ, ಅರಿವಳಿಕೆಯೊಂದರಿಂದಲೇ ಆದ ಸಾವು 1970ಕ್ಕೆ ಮುಂಚೆ ಹತ್ತು ಲಕ್ಷಕ್ಕೆ 357. 1990ರ ನಂತರ 34. ಬಡ ದೇಶಗಳಲ್ಲಿ ಈ ಇಳಿಕೆ ಶ್ರೀಮಂತ ದೇಶಗಳಷ್ಟಿಲ್ಲ.

● “ನಮ್ಮ ಆಸ್ಪತ್ರೆಯಲ್ಲಿ ಅರಿವಳಿಕೆಯಿಂದ ಒಂದೂ ಸಾವಾಗಿಲ್ಲ” ಎಂಬ ಮಾತು ಕೇಳಿದರೆ ಏನು ತಿಳಿಯಬೇಕು? ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಸುಲಭ ಸೂತ್ರ ಇಟ್ಟಿದ್ದಾರೆ: ಮೂರನ್ನು ಆಪರೇಷನ್‌ಗಳ ಸಂಖ್ಯೆಯಿಂದ ಭಾಗಿಸಿ. 300 ಆಪರೇಷನ್ನಿನಲ್ಲಿ ಸೊನ್ನೆ ಸಾವು ಎಂದರೆ ನಿಜವಾದ ಅಪಾಯ ನೂರಕ್ಕೆ ಒಂದರಷ್ಟೂ ಇರಬಹುದು. 3,000ದಲ್ಲಿ ಸೊನ್ನೆ ಎಂದರೆ ಸಾವಿರಕ್ಕೆ ಒಂದರವರೆಗೂ ಇರಬಹುದು. ಅಪಾಯ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಎದೆ ತಟ್ಟಿ ಹೇಳಬೇಕಾದರೆ 3 ಲಕ್ಷ ಆಪರೇಷನ್ ಒಂದೂ ಸಾವಿಲ್ಲದೆ ಮುಗಿದಿರಬೇಕು. ತಾಲ್ಲೂಕು ಆಸ್ಪತ್ರೆಯೊಂದು ಅಷ್ಟನ್ನು ಮುಗಿಸಲು ತಲೆಮಾರುಗಳೇ ಬೇಕು. ಹಾಗಾಗಿ ಸಣ್ಣ ಆಸ್ಪತ್ರೆಯ ಸೊನ್ನೆ ಸುಳ್ಳಲ್ಲ, ಆದರೆ ಅದು ಹೇಳುವುದು ಬಹಳ ಸ್ವಲ್ಪ.

● ದೊಡ್ಡ ಆಸ್ಪತ್ರೆಯ ದೊಡ್ಡ ಅಂಕಿಯೂ ಹಾಗೆಯೇ. 1960ರ ದಶಕದಲ್ಲಿ ಹ್ಯಾಲೋಥೇನ್ ಎಂಬ ಮತ್ತಿನ ಅನಿಲ ಯಕೃತ್ತನ್ನು ಕೆಡಿಸುತ್ತದೆಯೇ ಎಂದು ತಿಳಿಯಲು ಅಮೆರಿಕದ 34 ಆಸ್ಪತ್ರೆಗಳ ಎಂಟು ಲಕ್ಷಕ್ಕೂ ಹೆಚ್ಚು ಅರಿವಳಿಕೆಗಳನ್ನು ಪರಿಶೀಲಿಸಿದರು. ಹ್ಯಾಲೋಥೇನ್ ಇತರ ಮದ್ದುಗಳಿಗಿಂತ ಹೆಚ್ಚು ಅಪಾಯಕಾರಿ ಎಂದು ಕಾಣಲಿಲ್ಲ. ಆದರೆ ಯಾರೂ ಹುಡುಕದೆ ಇದ್ದದ್ದೊಂದು ಸಿಕ್ಕಿತು: ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ಸಾವಿನ ಪ್ರಮಾಣದಲ್ಲಿ 20 ಪಟ್ಟಿಗೂ ಹೆಚ್ಚು ಅಂತರ. ರೋಗಿಗಳ ವಯಸ್ಸು, ಕಾಯಿಲೆ, ಆಪರೇಷನ್ನಿನ ಬಗೆ ಎಲ್ಲವನ್ನೂ ಲೆಕ್ಕಕ್ಕೆ ತಂದಾಗ ಆ ಅಂತರದ ಬಹುಪಾಲು ಕರಗಿತು.

ಲೆಕ್ಕಕ್ಕಾಗಿ ಎರಡು ಕಾಲ್ಪನಿಕ ಆಸ್ಪತ್ರೆ ಇಟ್ಟುಕೊಳ್ಳಿ. ಒಂದರಲ್ಲಿ 1,000 ಹಗುರ ಆಪರೇಷನ್, 2 ಸಾವು. ಇನ್ನೊಂದರಲ್ಲಿ 500 ಹಗುರ, ಅಲ್ಲಿ ಒಂದೂ ಸಾವಿಲ್ಲ. ಜೊತೆಗೆ 500 ಗಟ್ಟಿ ಪ್ರಕರಣ, ಅಲ್ಲಿ 15 ಸಾವು. ಬರೀ ಶೇಕಡಾ ನೋಡಿದರೆ ಎರಡನೆಯದು ಏಳೂವರೆ ಪಟ್ಟು ಕೆಟ್ಟ ಆಸ್ಪತ್ರೆ. ಹಗುರ ಆಪರೇಷನ್ನಿನಲ್ಲಿ ಮಾತ್ರ ಅಲ್ಲಿನ ಸಾವು ಸೊನ್ನೆ.

● ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಬೇಡಿಕೆ ನ್ಯಾಯವಾದದ್ದು. ಒಂದು ದಿನ ಅದು ಬಂದು ನಿಂತರೆ, ಜಿಲ್ಲೆಯಲ್ಲಿ ಅತಿ ಹೆಚ್ಚು ಸಾವು ದಾಖಲಾಗುವ ಆಸ್ಪತ್ರೆಗಳಲ್ಲಿ ಅದೂ ಒಂದಾಗುತ್ತದೆ, ಏಕೆಂದರೆ ಬೇರೆಲ್ಲೂ ಆಗದ ರೋಗಿಗಳು ಅಲ್ಲಿಗೇ ಹೋಗುತ್ತಾರೆ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ಆ ಹೊರೆಯನ್ನು ಈಗಲೂ ಹೊರುತ್ತಿದೆ. ಸಾವಿನ ಸುದ್ದಿ ಓದುವಾಗ ಇದನ್ನು ಮರೆಯಬಾರದು.

● ಆಪರೇಷನ್ನಿಗೆ ಮುಂಚೆ ಕೇಸ್ ಶೀಟಿನಲ್ಲಿ ಎಎಸ್‌ಎ 1, 2, 3 ಎಂದು ಬರೆದಿರುವುದನ್ನು ನೋಡಿದ್ದೀರಾ? ರೋಗಿಯ ದೇಹಸ್ಥಿತಿಯ ದರ್ಜೆ ಅದು, 1941ರಿಂದ ಬಳಕೆಯಲ್ಲಿದೆ. ಆರೋಗ್ಯವಂತರು 1, ಹತೋಟಿಯಲ್ಲಿರುವ ಬಿಪಿ–ಶುಗರ್ ಇದ್ದವರು 2, ಆಪರೇಷನ್ ಮಾಡದಿದ್ದರೆ ಬದುಕುವುದೇ ಅನುಮಾನ ಎನ್ನುವವರು 5. ಈ ಒಂದು ಅಂಕಿ ಜೊತೆಗಿಲ್ಲದೆ ಸಾವಿನ ಯಾವ ಹೋಲಿಕೆಯೂ ನ್ಯಾಯವಾಗದು.

● ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಬಂದದ್ದನ್ನು ಡಾಕ್ಟರಿಗೆ ಹೇಳದೆ ಮುಚ್ಚಿಡುವುದು ಪ್ರಾಣಕ್ಕೇ ಅಪಾಯ. ಪ್ರಜ್ಞೆ ಹೋದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳಲ್ಲಿ ಇಂಥ 66 ಪ್ರಕರಣ ಗುರುತಿಸಿದ. ಇಬ್ಬರು ತಾಯಂದಿರು ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತಿದ್ದರು. ಈಗಿನ ನಿಯಮ: ಎಣ್ಣೆ ಪದಾರ್ಥವಾದರೆ 8 ಗಂಟೆ, ಹಗುರ ಊಟವಾದರೆ 6 ಗಂಟೆ, ಬರೀ ನೀರಾದರೆ 2 ಗಂಟೆ ಬಿಡುವು ಬೇಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಪಾಪ, ಹಸಿದಿದ್ದಾಳೆ ಎಂದು ಒಂದು ಗುಟುಕು ಕುಡಿಸುವ ಅತ್ತೆ, ಅವ್ವಂದಿರಿಗೆ ಇದನ್ನು ತಿಳಿಸಿ ಹೇಳಬೇಕು.

● ರಾಯಚೂರು, ಕರ್ನೂಲು ಭಾಗದಲ್ಲಿ ಹೆಚ್ಚಾಗಿರುವ ಆರ್ಯವೈಶ್ಯ ಸಮುದಾಯಕ್ಕೆ ಸೇರಿದವರು ತಪ್ಪದೆ ಓದಬೇಕಾದ ಮಾತಿದು. ಉಸಿರಿನ ಕೊಳವೆ ಹಾಕುವ ಮುನ್ನ ಕೊಡುವ ಸಕ್ಸಾಮೆಥೋನಿಯಂ (ಡಾಕ್ಟರುಗಳ ಬಾಯಲ್ಲಿ ‘ಸ್ಕೋಲಿನ್’) ಎಲ್ಲ ಸ್ನಾಯುಗಳನ್ನೂ ಕೆಲವೇ ನಿಮಿಷ ಸಡಿಲಗೊಳಿಸುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರು ಜಗತ್ತಿನಲ್ಲಿ ಬಹಳ ಅಪರೂಪ, ಆದರೆ ವೈಶ್ಯ ಸಮುದಾಯದಲ್ಲಿ ಅಷ್ಟು ಅಪರೂಪವಲ್ಲ. ಇದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು ಭಾರತದ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಕಿಣ್ವವಿಲ್ಲದವರಿಗೆ ಈ ಮದ್ದು ಕೊಟ್ಟರೆ ಐದು ನಿಮಿಷದಲ್ಲಿ ಬರಬೇಕಾದ ಉಸಿರು ಗಂಟೆಗಟ್ಟಲೆ ಬರುವುದಿಲ್ಲ. ವೆಂಟಿಲೇಟರಿನಲ್ಲಿ ಇಟ್ಟು ಕಾದರೆ ರೋಗಿ ಪೂರ್ತಿ ಗುಣವಾಗುತ್ತಾರೆ. ಗೊತ್ತಿಲ್ಲದೆ ಕೊಳವೆ ತೆಗೆದರೆ ಅದೊಂದು ‘ಅರಿವಳಿಕೆ ಸಾವು’. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರ, ಉಸಿರು ತಡವಾಗಿ ಬಂದದ್ದುಂಟಾದರೆ ಡಾಕ್ಟರಿಗೆ ಮೊದಲೇ ಹೇಳಿ. ಪರ್ಯಾಯ ಮದ್ದುಗಳಿವೆ.

● ಅನ್ಯ ಕಾರಣದ ಸಾವು ಅರಿವಳಿಕೆಯ ತಲೆಗೆ ಬರುವುದೂ ಉಂಟು. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ನಡೆದವು. ಏಳು ಬಾಣಂತಿಯರ ಮೂತ್ರಪಿಂಡ ಮತ್ತಿತರ ಅಂಗಗಳು ಕೈಕೊಟ್ಟವು. ಒಟ್ಟು ಐವರು ತೀರಿಕೊಂಡರು. ಬೆನ್ನಿಗೆ ಅರಿವಳಿಕೆಯ ಸೂಜಿ ಕೊಟ್ಟಾಗ ಬಿಪಿ ಇಳಿಯುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಸಲೈನ್ ಏರಿಸುತ್ತಾರೆ. ಅನುಮಾನ ಬಿದ್ದದ್ದು ಸೂಜಿಯ ಮೇಲಲ್ಲ, ಆ ಸಲೈನ್ ಬಾಟಲಿಯ ಮೇಲೆ, ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಅದೇ ಸುಮಾರಿಗೆ ನಮ್ಮ ಜಿಲ್ಲೆಯ ಸಿಂಧನೂರಿನ ಬಾಣಂತಿಯರ ಸಾವುಗಳೂ ಚರ್ಚೆಗೆ ಬಂದವು. ಬಳ್ಳಾರಿಯ ಸಾವುಗಳು ಒಂದೇ ಆಸ್ಪತ್ರೆಯಲ್ಲಿ, ಮೂರೇ ದಿನಗಳ ಆಪರೇಷನ್‌ಗಳ ನಂತರ ಗುಂಪುಗೂಡಿದ್ದರಿಂದ ಕಣ್ಣಿಗೆ ಬಿದ್ದವು. ಅದೇ ಐದು ಸಾವುಗಳು ಐದು ಜಿಲ್ಲೆಗಳಲ್ಲಿ ಚದುರಿ ಬಿದ್ದಿದ್ದರೆ ಗಮನಕ್ಕೆ ಬರುವುದು ಬಹಳ ಕಷ್ಟವಿತ್ತು. 

● ಆ ಬಳಿಕ ರಾಜ್ಯ ಸರಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬುದು ಪರಿಶೀಲನೆಯ ಉತ್ತರ. ಕರ್ನಾಟಕದಲ್ಲಿ ತಾಯಿ ಮರಣ ಪ್ರಮಾಣ (2018–20) ಲಕ್ಷ ಜೀವಂತ ಜನನಕ್ಕೆ 69, ದೇಶದ್ದು 97 ಎಂದು ಓದುವಾಗ ಆಗುವ ಸಮಾಧಾನ ಈ ಒಂದು ಉತ್ತರದ ಮುಂದೆ ನಿಲ್ಲುವುದಿಲ್ಲ.

● ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ತಾಯಂದಿರ ಒಟ್ಟು ಸಾವಿನಲ್ಲಿ ಅರಿವಳಿಕೆಯ ಪಾಲು ಶೇ 2.8, ಸಿಸೇರಿಯನ್ ನಂತರದ ಸಾವುಗಳಲ್ಲಿ ಮಾತ್ರ ನೋಡಿದರೆ ಶೇ 13.8. ಇವು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂಕಿಗಳು. ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕೆ ಹೋಲಿಸಿದರೆ ಬೆನ್ನಿನ ಸೂಜಿಯಲ್ಲಿ ತಾಯಿಯ ಸಾವು ಬಹಳ ಕಡಿಮೆ ಎಂದೂ ಅದು ಹೇಳುತ್ತದೆ. ಬೆನ್ನಿನ ಸೂಜಿಯಿಂದ ಜೀವನಪೂರ್ತಿ ಸೊಂಟನೋವು ಎಂಬ ಹೆದರಿಕೆಯಲ್ಲಿ “ಪೂರಾ ಮತ್ತು ಕೊಡ್ರಿ” ಎಂದು ಹಟ ಹಿಡಿಯುವವರು ಇದನ್ನು ತಿಳಿದಿರಲಿ. ಹೆರಿಗೆಯ ನಂತರದ ಸೊಂಟನೋವು ಸಹಜ ಹೆರಿಗೆಯಾದವರಿಗೂ ಬರುತ್ತದೆ.

● ಅರಿವಳಿಕೆ ತಜ್ಞರು ಸಿಗದ ಕಡೆ ಎಂಬಿಬಿಎಸ್ ವೈದ್ಯರಿಗೇ ತುರ್ತು ಹೆರಿಗೆಗೆ ಬೇಕಾದ ಅರಿವಳಿಕೆ ಕಲಿಸುವ 18 ವಾರಗಳ ತರಬೇತಿಯನ್ನು ಕೇಂದ್ರ ಸರಕಾರ ರೂಪಿಸಿತು. ಇದು ತಜ್ಞರಿಗೆ ಬದಲಿಯಲ್ಲ. ಆದರೆ ದೇವದುರ್ಗದಂಥ ಕಡೆ ನಡುರಾತ್ರಿ ಮಗು ಅಡ್ಡ ನಿಂತಾಗ, ಮತ್ತು ಕೊಡುವವರಿಲ್ಲದೆ ರಾಯಚೂರಿನ ದಾರಿ ಹಿಡಿಯುವುದೂ ಒಂದು ಅಪಾಯವೇ. ಅರಿವಳಿಕೆ ಸಿಗದೆ ಆದ ಸಾವು ಅರಿವಳಿಕೆಯ ಸಾವಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ!

● ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಹಿಂದಿನ ತತ್ವ ಕಂಡುಹಿಡಿದದ್ದು ಜಪಾನಿನ ತಕುವೊ ಅವೊಯಾಗಿ, 1970ರ ದಶಕದಲ್ಲಿ. ಅರಿವಳಿಕೆಯಲ್ಲಿ ಇದಕ್ಕಿಂತ ದೊಡ್ಡ ಕಾವಲುಗಾರ ಇಲ್ಲ ಎಂದು ನಾನು ಕೇಳಿದ ವೈದ್ಯರೆಲ್ಲ ಹೇಳುತ್ತಾರೆ. ಆದರೆ ಇದನ್ನು ಸಾವಿನ ಪ್ರಮಾಣದಿಂದ ಅಳೆಯಲು ಹೋದಾಗ ಏನಾಯಿತು ಗೊತ್ತೇ? ಡೆನ್ಮಾರ್ಕಿನಲ್ಲಿ 20,802 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆಕ್ಸಿಮೀಟರ್ ಹಾಕಿ ನೋಡಿದರು. 1993ರಲ್ಲಿ ಫಲಿತಾಂಶ ಬಂತು. ಆಕ್ಸಿಜನ್ ಇಳಿದದ್ದು ಆಕ್ಸಿಮೀಟರ್ ಇದ್ದ ಗುಂಪಿನಲ್ಲಿ 19 ಪಟ್ಟು ಹೆಚ್ಚು ಪತ್ತೆಯಾಯಿತು. ಸಾವಿನಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ!

ಹಾಗಾದರೆ ಆಕ್ಸಿಮೀಟರ್ ದಂಡವೇ? ಖಂಡಿತ ಅಲ್ಲ. ಸಾವು ಅಷ್ಟು ಅಪರೂಪವಾಗಿದ್ದಾಗ 20 ಸಾವಿರ ಜನ ಸಾಲರು. ವ್ಯತ್ಯಾಸ ಕಾಣಲು ಲಕ್ಷಗಟ್ಟಲೆ ಜನ ಬೇಕು. ನನ್ನ ಮಟ್ಟಿಗೆ ಈ ಅಂಕಣದ ಅತಿ ಮುಖ್ಯ ಸಂಗತಿ ಇದು. ಸಾವಿನ ಪ್ರಮಾಣವೊಂದನ್ನೇ ನಂಬಿದ್ದರೆ, ಉಪಯೋಗ ಸಾಬೀತಾಗಿಲ್ಲವೆಂದು ಆ ಯಂತ್ರವನ್ನು ಕೊಳ್ಳದೆ ಬಿಡಬಹುದಿತ್ತು.

● ಅನಾಹುತಗಳನ್ನಷ್ಟೇ ಎಣಿಸಿದರೆ ಸಾಲದು ಎಂಬುದನ್ನು ಶಕ್ತಿನಗರದವರಿಗೆ ವಿವರಿಸಬೇಕಿಲ್ಲ. 1985ರಿಂದ ವಿದ್ಯುತ್ ಕೊಡುತ್ತಿರುವ, ಎಂಟು ಘಟಕಗಳ, 1,720 ಮೆಗಾವಾಟ್‌ನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ (ಆರ್‌ಟಿಪಿಎಸ್) ಸುರಕ್ಷತೆ ಅಳೆಯಲು ಬಾಯ್ಲರ್ ಸಿಡಿಯಲಿ ಎಂದು ಯಾರೂ ಕಾಯುವುದಿಲ್ಲ. ಘಟಕ ಟ್ರಿಪ್ ಆದದ್ದು, ಬೇರಿಂಗ್ ಬಿಸಿಯಾದದ್ದು, ಅಲಾರಂ ಹೊಡೆದದ್ದು ಎಲ್ಲವನ್ನೂ ಬರೆದಿಡುತ್ತಾರೆ. ಬೋಸ್ಟನ್ನಿನ ಜೆಫ್ರಿ ಕೂಪರ್ 1978ರಲ್ಲಿ ಅರಿವಳಿಕೆಗೆ ತಂದದ್ದು ಇದೇ ಕ್ರಮ. ಅವನು ವೈದ್ಯನಲ್ಲ, ಎಂಜಿನಿಯರ್. ಸಾವುಗಳನ್ನಷ್ಟೇ ಎಣಿಸದೆ, ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನೂ ವೈದ್ಯರಿಂದ ಕೇಳಿ 359 ಪ್ರಕರಣ ಒಟ್ಟುಮಾಡಿದ. ಶೇ 82ರಲ್ಲಿ ಮನುಷ್ಯರ ತಪ್ಪಿತ್ತು: ಉಸಿರಿನ ಕೊಳವೆ ಕಳಚಿದ್ದು ಕಾಣಲಿಲ್ಲ, ಒಂದು ಸಿರಿಂಜ್ ಬದಲು ಇನ್ನೊಂದು ಎತ್ತಿಕೊಂಡರು, ಅನಿಲದ ನಾಬ್ ತಪ್ಪಾಗಿ ತಿರುಗಿಸಿದರು. ಕೊಳವೆ ಕಳಚಿದರೆ ಕೂಗುವ ಅಲಾರಂ, ಸಿರಿಂಜಿಗೆ ಬಣ್ಣಬಣ್ಣದ ಚೀಟಿಯಂಥ ಕ್ರಮಗಳು ಇಂಥ ತಿಳಿವಳಿಕೆಯ ಮೇಲೆಯೇ ನಿಂತಿವೆ.

● ಆಪರೇಷನ್ನಿನ ದಿನ ಉಗುರುಬಣ್ಣ ಅಳಿಸಿ ಎನ್ನುವುದು ಶಿಸ್ತಿಗಲ್ಲ. ಆಕ್ಸಿಮೀಟರ್ ಬೆರಳಿನ ಮೂಲಕ ಬೆಳಕು ಹಾಯಿಸಿ ನೋಡುತ್ತದೆ. ಕುಬಸಕ್ಕೆ ಹಚ್ಚಿದ ಕಡುಗಪ್ಪು ಮೆಹಂದಿಯೂ ಅದಕ್ಕೆ ಅಡ್ಡಿಯಾಗಬಹುದು. ಕೆಂಪು ಮೆಹಂದಿಯಿಂದ ಅಷ್ಟು ತೊಂದರೆಯಿಲ್ಲ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಆಕ್ಸಿಜನ್ನನ್ನು ನಿಜಕ್ಕಿಂತ ಹೆಚ್ಚು ತೋರಿಸಬಲ್ಲದು ಎಂದು ಅಮೆರಿಕದ 2020ರ ಅಧ್ಯಯನ ಎಚ್ಚರಿಸಿದೆ. ನಮ್ಮ ಬಿಸಿಲ ನಾಡಿನ ಮೈಬಣ್ಣಕ್ಕೂ ಈ ಎಚ್ಚರಿಕೆ ಬೇಕು.

● ಸಾಯದೆ ಉಳಿದವರ ನೋವು ಸಾವಿನ ಪ್ರಮಾಣದಲ್ಲಿ ಎಲ್ಲಿದೆ? 1947ರ ಅಕ್ಟೋಬರ್ 13ರಂದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ವುಲ್ಲಿ ಮತ್ತು ರೋ ಎಂಬ ಇಬ್ಬರಿಗೆ ಒಂದೇ ದಿನ ಬೆನ್ನಿನ ಸೂಜಿ ಕೊಟ್ಟರು. ಇಬ್ಬರಿಗೂ ಸೊಂಟದ ಕೆಳಗೆ ಶಾಶ್ವತವಾಗಿ ಸ್ವಾಧೀನ ಹೋಯಿತು. ಆ ದಿನದ ಸಾವಿನ ಲೆಕ್ಕ: ಸೊನ್ನೆ.

● ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು (2009). ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಅದನ್ನೇ ಕಡ್ಡಾಯ ಮಾಡಿದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ (2014). ಕಾಗದದ ಮೇಲೆ ಟಿಕ್ ಹಾಕುವುದಕ್ಕೂ ಎಲ್ಲರೂ ಒಂದು ಕ್ಷಣ ನಿಂತು ರೋಗಿಯ ಹೆಸರು ಗಟ್ಟಿಯಾಗಿ ಹೇಳುವುದಕ್ಕೂ ಅಂತರವಿದೆ ಎಂದು ನನಗನಿಸುತ್ತದೆ.

● ಸಾವಿನ ಪ್ರಮಾಣಪತ್ರದಲ್ಲಿ ಕಾರಣವೆಂದು ‘ಹೃದಯ ಮತ್ತು ಶ್ವಾಸ ಸ್ತಂಭನ’ ಎಂದಷ್ಟೇ ಬರೆದಿದ್ದರೆ ಅದು ಕಾರಣವಲ್ಲ. ಸಾಯುವ ಪ್ರತಿಯೊಬ್ಬರಿಗೂ ಆಗುವುದು ಅದೇ. ಅದರ ಹಿಂದಿನ ಮೂಲ ಕಾರಣ ಏನೆಂದು ನಮೂದಿಸಬೇಕು. ಜನನ–ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆಸ್ಪತ್ರೆಯಲ್ಲಾದ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಕೇಳಿ ಪಡೆಯಿರಿ.

● ಬಾಣಂತಿ ಸತ್ತರೆ ಆ ಸಾವಿನ ವಿಚಾರಣೆ ಆಸ್ಪತ್ರೆಯ ಗೋಡೆಯೊಳಗೇ ಮುಗಿಯಬೇಕಿಲ್ಲ. ತಾಯಿ ಮರಣ ಪರಿಶೀಲನೆಯ ರಾಷ್ಟ್ರೀಯ ಮಾರ್ಗಸೂಚಿಯಂತೆ ಆಶಾ ಕಾರ್ಯಕರ್ತೆ ತನ್ನ ಊರಿನಲ್ಲಿ 15ರಿಂದ 49 ವಯಸ್ಸಿನ ಯಾವುದೇ ಹೆಣ್ಣಿನ ಸಾವನ್ನು 24 ಗಂಟೆಯೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆಸ್ಪತ್ರೆಯಿಂದ ಹೊತ್ತು ತಂದು ಮನೆಯಲ್ಲಿ ಜೀವ ಹೋದವರೂ ಈ ದಾರಿಯಿಂದ ಲೆಕ್ಕಕ್ಕೆ ಬರುತ್ತಾರೆ. ತಂಡವೊಂದು ಮನೆಗೆ ಹೋಗಿ ಏನಾಯಿತೆಂದು ಕೇಳಿ ಬರೆದುಕೊಳ್ಳುತ್ತದೆ. ಆಮೇಲೆ ಜಿಲ್ಲಾಧಿಕಾರಿಯ ಮುಂದೆ ನಡೆಯುವ ಪರಿಶೀಲನಾ ಸಭೆಗೆ ಮೃತಳ ಬಂಧುಗಳನ್ನು ಕರೆಸಬೇಕು: ನೋವು ಶುರುವಾದದ್ದು ಯಾವಾಗ, ಗಾಡಿ ಸಿಕ್ಕದ್ದು ಯಾವಾಗ, ದವಾಖಾನೆಯಲ್ಲಿ ಯಾರಿದ್ದರು, ಮತ್ತು ಕೊಟ್ಟವರು ಯಾರು, ಎಲ್ಲಿಂದ ಎಲ್ಲಿಗೆ ಕಳಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಲು. ಇದು ಯಾರಿಗೂ ಶಿಕ್ಷೆ ಕೊಡಿಸುವ ಸಭೆಯಲ್ಲ. ಹೆಸರು ಹಿಡಿದು ದೂಷಿಸಬಾರದೆಂಬುದು ಅದರ ನಿಯಮ. ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ. ಕನ್ನಡ ಬಾರದ ತಾಂಡಾದ ಅಜ್ಜಿಯಾದರೆ ಜೊತೆಗೆ ಮಾತು ತಿಳಿಸಿಕೊಡುವವರನ್ನು ಕರೆದುಕೊಂಡು ಹೋಗಿ. ಕೇಸ್ ಶೀಟಿನಲ್ಲಿ ಇಲ್ಲದ ಸಂಗತಿ ಎಷ್ಟೋ ಸಲ ಅಂಥವರ ಬಳಿಯೇ ಇರುತ್ತದೆ.